ಅಲಮಾರಿನ ಬಾಗಿಲು

ಮೊದಲೆಲ್ಲ ರಟ್ಟು ಹಾಸಿಕೊಳ್ಳುತ್ತಿದ್ದರಂತೆ.
ಟಿವಿ ಬಂದ ಡಬ್ಬ ಬಿಚ್ಚಿ, ಹೆಪ್ಪುಗಟ್ಟಿದ ಅಂಗಳಕ್ಕೆ ಹರವಿ
ಅದರ ಮೇಲೆ ಅಂಗಾತ.
ಮೈನಸ್ ಮೂವತ್ತು.
ಉಲಾನ್‌ಬಾತರಿನ ಈ ಅಂಚಿನಲ್ಲಿ ಕಲ್ಲಿದ್ದಲ ಹೊಗೆಯೇ ಮುಗಿಲು.
ಮರೆತು ಬೋಲ್ಟನ್ನು ತುಟಿಯಲ್ಲಿ ಕಚ್ಚಿದವನಿಗೆ
ತುಟಿಯ ಸಿಪ್ಪೆ ಬೋಲ್ಟಿನ ಜೊತೆಗೇ ಬರುತ್ತಿತ್ತು.

ಗೊಂಬೊ ಹಾಗೆ ಇಪ್ಪತ್ತಾರು ಚಳಿಗಾಲ ಮಲಗಿದವನು.
ಮೂತ್ರಪಿಂಡಕ್ಕೆ ಚಳಿ ಹೊಕ್ಕಿತು ಅಂದರು ಮನೆಯವರು.
ಡಾಕ್ಟರು ಬೇರೆ ಏನೋ ಅಂದ, ಉದ್ದನೆಯ ಹೆಸರು.
ಹೆಸರು ಯಾವುದಾದರೇನು, ಬೆನ್ನು ಬಗ್ಗಲಿಲ್ಲ.
ಸ್ಪ್ಯಾನರುಗಳನ್ನು ಎಣಿಸಿ ದುಲ್ಮಾಳ ಕೈಗಿಟ್ಟು ಹೊರಟ.
ಎಣಿಕೆಯಲ್ಲಿ ಹದಿನೇಳನೇ ನಂಬರಿನದೊಂದು ಕಡಿಮೆಯಿತ್ತು.

ದುಲ್ಮಾ ಮಾಡಿದ ಮೊದಲ ಕೆಲಸ
ಅಜ್ಜಿಯ ಅಲಮಾರಿನ ಬಾಗಿಲು ಕಿತ್ತದ್ದು.
ಕಿತ್ತಳೆ ಬಣ್ಣ, ಅಂಚಿಗೆ ನೀಲಿ ಬಳ್ಳಿ.
ಅವಳಮ್ಮ ಮೂರು ದಿನ ಮಾತು ಬಿಟ್ಟಳು.
ಮುಚ್ಚಿದ ಆಸ್ಪತ್ರೆಯ ಮಂಚದಿಂದ ನಾಲ್ಕು ಗಾಲಿ,
ಹಳೇ ಡೇರೆಮನೆಯ ಉಣ್ಣೆಗೋಡೆ ಕತ್ತರಿಸಿ ಎರಡು ಪದರ,
ನಡುವಿಗೆ ಒಂದು ಚೀಲ, ಅದರಲ್ಲಿ ಬಾಣಲೆಯಲ್ಲಿ ಹುರಿದ ಉಪ್ಪು.
ಹುರಿಯುವುದು ನನ್ನ ಪಾಲು.
ಒಂದು ಸಲ ಹುರಿದರೆ ಮುಕ್ಕಾಲು ಗಂಟೆ ಕಾವು.
ಜಾಸ್ತಿ ಹುರಿದು ಬೈಸಿಕೊಂಡದ್ದೂ ಉಂಟು;
ಕಾರಿನ ಹೊಟ್ಟೆಯೊಳಗಿಂದ ಬರುವ ಬೈಗುಳಕ್ಕೆ
ಅದರದೇ ಒಂದು ಗಾಂಭೀರ್ಯ.

ಆಮೇಲೆ ಒಂದರ ಹಿಂದೊಂದು ಹುಟ್ಟಿದವು.
ಒಡೆದ ಸ್ಪೀಕರಿನ ಅಯಸ್ಕಾಂತ ಮಣಿಕಟ್ಟಿಗೆ,
ನಟ್ಟುಗಳು ಬಳೆಯ ಹಾಗೆ ಬಂದು ಕೂರುತ್ತವೆ.
ಲಾರಿಯ ಕನ್ನಡಿ ಚೂರು ಉಕ್ಕಿನ ಕಡ್ಡಿಗೆ,
ಗೇರ್‌ಬಾಕ್ಸಿನ ಬೆನ್ನು ನೋಡುವುದಕ್ಕೆ.
ಗಾಲಿ ಜಾರದಂತೆ ಕುರಿಯ ಕಾಲುಗಂಟಿನ ಮೂಳೆ.
ಅದೇ ಮೂಳೆ ಬೆಳಿಗ್ಗೆ ದಾಳ:
ಕುದುರೆ ಬಿದ್ದರೆ ಅವಳು ಕೆಳಗೆ, ಮೇಕೆ ಬಿದ್ದರೆ ನಾನು.
ಮೇಕೆಯೇ ಹೆಚ್ಚು ಬೀಳುತ್ತದೆ, ಯಾಕೋ.

ಒಬ್ಬ ಬಂದಿದ್ದ. ಹೊಳೆಯುವ ಬೂಟು, ಹೊಳೆಯುವ ಪುಸ್ತಕ.
ಗುಂಡಿ ಒತ್ತಿದರೆ ಏಳುವ ಹಲಗೆ, ತಲೆಯ ಬಳಿ ದೀಪ,
ಕಂತಿನಲ್ಲೂ ಸಿಗುತ್ತದಂತೆ.
ದುಲ್ಮಾ ಪುಟ ತಿರುವಿ ತಿರುವಿ ನೋಡಿದಳು,
ಆಸೆಯಿಂದಲೇ ನೋಡಿದಳು, ಸುಳ್ಳು ಹೇಳಬಾರದು.
"ಇದು ಬೆನ್ನು ಕಾಯಿಸುತ್ತದೆಯೆ?"
ಅವನು ಪುಟ ಹುಡುಕಿದ.
ಉಪ್ಪು ಹಾಕಿದ ಹಾಲು ಚಹಾ ಕೊಟ್ಟೆವು, ಕುಡಿಯುತ್ತಲೂ ಹುಡುಕಿದ.

ಗೊಂಬೊ ಬಂದದ್ದು ಬಿಳಿ ತಿಂಗಳ ಹಬ್ಬ ಕಳೆದ ಮೇಲೆ,
ಕೋಲೂರಿಕೊಂಡು, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು.
"ನನ್ನನ್ನು ಒಳಗೆ ತಳ್ಳು" ಅಂದ.
"ಯಾವ ಕಾರಿಗೆ? ಏನು ರಿಪೇರಿ?"
"ಯಾವುದಾದರೂ."

ತುಂಬಿದ ಹಾಲಿನ ಪಾತ್ರೆಯ ಹಾಗೆ ಇಳಿಸಿದೆವು ಇಬ್ಬರೂ.
ಆಗಷ್ಟೇ ಹುರಿದ ಉಪ್ಪು.
ಮೂಳೆ ತೆಗೆದು ಮೆಲ್ಲಗೆ ನೂಕಿದಳು.
ಬಿಳಿ ಪ್ರಿಯಸ್ಸಿನ ಕೆಳಕ್ಕೆ ಕಿತ್ತಳೆ ಬಾಗಿಲು ಸರಿದು
ಹೊರಗೆ ಉಳಿದದ್ದು ಎರಡು ಬೂಟು.

ಸ್ವಲ್ಪ ಹೊತ್ತು ಟಣ್, ಟಣ್.
ಆಮೇಲೆ ಏನೂ ಇಲ್ಲ.
ಆಮೇಲೆ ಗೊರಕೆ.

ಕಾರಿನ ಒಡತಿ ಬಂದಳು, ಶಾಲೆಯ ಟೀಚರು, ಗಡಿಯಾರ ನೋಡುತ್ತ.
"ಇನ್ನೂ ಆಗಿಲ್ಲವೆ?"
"ಒಳಗೆ ದೊಡ್ಡ ಕೆಲಸ ನಡೆದಿದೆ," ಅಂದಳು ದುಲ್ಮಾ, ನಗದೆ.
ನನ್ನ ಕೈಗೆ ಬಾಣಲೆ ಕೊಟ್ಟು ಕಣ್ಣಲ್ಲೇ ಹೇಳಿದಳು:
ಇನ್ನೊಂದು ಹಿಡಿ.

ಹೊರಗೆಳೆದಾಗ ಮೂಗಿನ ಮೇಲೆ ಗ್ರೀಸು, ಕೆನ್ನೆಗೆ ಬಣ್ಣ.
"ಎಡಗಡೆಯ ಎರಡನೇ ಬೋಲ್ಟು ಸಡಿಲ ಬಿಟ್ಟಿದ್ದೀರಿ."
"ಕಣ್ಣು ಮುಚ್ಚಿದ್ದಿರಲ್ಲ?"
"ಬೋಲ್ಟಿಗೆ ಕಣ್ಣು ಯಾಕೆ?"
ಕೂತಲ್ಲೇ ಗಂಟು ಬಿಚ್ಚಿದ.
ಹದಿನೇಳನೇ ನಂಬರಿನ ಸ್ಪ್ಯಾನರು, ಉಜ್ಜಿ ಉಜ್ಜಿ ಸವೆದದ್ದು.

ಸಡಿಲ ಬಿಟ್ಟವನು ನಾನು.
ಯಾರೂ ಮೂಳೆ ಎಸೆಯಲಿಲ್ಲ.
ನಾನೇ ಬಾಗಿಲಿಗೆ ಬೆನ್ನು ಕೊಟ್ಟೆ. ಬಿಸಿಯಿತ್ತು,
ಉಪ್ಪಿನದೋ ಅವನದೋ.